ನಮ್ಮದಕ್ಕೆ ಮುಂಚೆ ಏನು ಬೀಸಿದ್ರಿ?

ಸೂಪರ್ ಮಾರ್ಕೆಟ್ಟಿಗೆ ಹೋದರೆ ಈಗ ಅಕ್ಕಿ ಹಿಟ್ಟೂ ಗ್ಲುಟೆನ್ ಫ್ರೀ, ಅರಿಶಿನ ಪುಡಿಯೂ ಗ್ಲುಟೆನ್ ಫ್ರೀ, ಕೊಬ್ಬರಿ ಎಣ್ಣೆಯೂ ಗ್ಲುಟೆನ್ ಫ್ರೀ. ಸುಳ್ಳೇನಲ್ಲ. ಗ್ಲುಟೆನ್ ಇರುವುದು ಗೋಧಿ, ಬಾರ್ಲಿ, ರೈ ಮುಂತಾದ ಕೆಲವೇ ಧಾನ್ಯಗಳಲ್ಲಿ. ಒಬ್ಬಟ್ಟಿನ ಕಣಕ ಎಳೆದಷ್ಟೂ ಹಿಗ್ಗುತ್ತದಲ್ಲ, ಆ ಗುಣ ಕೊಡುವ ಪ್ರೋಟೀನ್ ಅದು. ಕೊಬ್ಬರಿ ಎಣ್ಣೆಯಲ್ಲಿ ಅದು ಎಂದೂ ಇರಲಿಲ್ಲ. ಇಲ್ಲದ್ದನ್ನು ಇಲ್ಲ ಎಂದು ಬರೆದು ನಾಲ್ಕು ಕಾಸು ಹೆಚ್ಚು ಕೇಳುವುದು ವ್ಯಾಪಾರಿಯ ಜಾಣತನ, ಹೋಗಲಿ ಬಿಡಿ. ಆದರೆ ಆ ಎರಡು ಪದಗಳನ್ನೇ ನಂಬಿ ಊಟ ಮಾಡಬೇಕಾದವರೂ ಇದ್ದಾರೆ.

ಸೀಲಿಯಾಕ್ ಕಾಯಿಲೆಯವರಿಗೆ ಗ್ಲುಟೆನ್ ಒಳಗೆ ಹೋದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿಬೀಳುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ರಕ್ತಹೀನತೆ ಬರುತ್ತದೆ, ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ಇದಕ್ಕೆ ಗೋಧಿಯೇ ಕಾರಣ ಎಂದು ತೋರಿಸಿಕೊಟ್ಟವರು ಡಚ್ ಮಕ್ಕಳ ವೈದ್ಯ ವಿಲೆಮ್ ಡಿಕೆ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬ್ರೆಡ್ ಸಿಗದೆ ಜನ ಹಸಿದಿದ್ದಾಗ ಈ ಮಕ್ಕಳು ಚೇತರಿಸಿಕೊಂಡರು; ಬ್ರೆಡ್ ಮತ್ತೆ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಇವತ್ತಿಗೂ ಪಥ್ಯ ಒಂದೇ ಚಿಕಿತ್ಸೆ, ಅದೂ ಜೀವನಪೂರ್ತಿ. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಉತ್ತರ ಭಾರತದ ವಯಸ್ಕರಲ್ಲಿ ಸುಮಾರು ನೂರಕ್ಕೊಬ್ಬರಿಗೆ, ದಕ್ಷಿಣದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರಿಗೆ ಈ ಕಾಯಿಲೆ ಇದೆ. ವಿರಳವಾಗಿರುವುದೇ ನಮ್ಮ ಕಡೆಯ ರೋಗಿಗಳಿಗೆ ಇನ್ನೊಂದು ತಾಪತ್ರಯ. ಮದುವೆ ಮನೆಯಲ್ಲಿ ‘ಒಂದು ಚೂರು ತಿಂದ್ರೆ ಏನಾಗುತ್ತೆ ಬಿಡಮ್ಮಾ’ ಎನ್ನುವವರಿಗೆ ಬರವಿಲ್ಲ.

ಆ ಒಂದು ಚೂರಿನ ಲೆಕ್ಕ ಹೀಗಿದೆ. ಗ್ಲುಟೆನ್ ಫ್ರೀ ಎಂದು ಬರೆಯಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಮಾನದಂಡ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ್ದೂ ಅದೇ. ಗೋಧಿ ಹಿಟ್ಟಿನಲ್ಲಿ ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು ಗ್ಲುಟೆನ್. ಅಂದರೆ ಒಂದು ಕಿಲೋ ರಾಗಿ ಹಿಟ್ಟಿಗೆ ಕಾಲು ಗ್ರಾಂ ಗೋಧಿ ಹಿಟ್ಟು, ಬೆರಳ ತುದಿಗೆ ಅಂಟುವಷ್ಟು, ಬಿದ್ದರೂ ಗಡಿ ದಾಟಿದಂತೆ.

ಹಿಟ್ಟಿನ ಗಿರಣಿಗೆ ಹೋಗುವ ಹೆಂಗಸರಿಗೆ ಇದೆಲ್ಲ ಹೊಸದಲ್ಲ. ಡಬ್ಬ ಕೆಳಗಿಡುವ ಮೊದಲೇ ಕೇಳುತ್ತಾರೆ: ‘ನಮ್ಮದಕ್ಕೆ ಮುಂಚೆ ಏನು ಬೀಸಿದ್ರಿ?’ ಮೆಣಸಿನಕಾಯಿ ಎಂದರೆ ಅಕ್ಕಿ ಹಾಕಿಸುವುದಿಲ್ಲ. ಗೋಧಿ ಎಂದರೆ ಮೊದಲು ಉದುರಿದ ಒಂದೆರಡು ಹಿಡಿ ಹಿಟ್ಟನ್ನು ಬೇರೆ ತೆಗೆಸುತ್ತಾರೆ. ಗ್ಲುಟೆನ್ ಫ್ರೀ ಎಂಬ ಚೀಟಿ ಉತ್ತರಿಸಬೇಕಾದ ಪ್ರಶ್ನೆಯೂ ಇದೇ. ಪೊಟ್ಟಣದಲ್ಲಿ ಏನಿದೆ ಎಂದು ಹೇಳಿದರೆ ಸಾಲದು, ಆ ಯಂತ್ರದಲ್ಲಿ, ಆ ಮೂಟೆಯಲ್ಲಿ, ಆ ಲಾರಿಯಲ್ಲಿ ಅದಕ್ಕೆ ಮುಂಚೆ ಏನಿತ್ತು ಎಂಬುದೂ ಗೊತ್ತಿರಬೇಕು. ಅಮೆರಿಕದಲ್ಲಿ 2010ರಲ್ಲಿ ಸಹಜವಾಗಿ ಗ್ಲುಟೆನ್ ಇಲ್ಲದ 22 ಬಗೆಯ ಧಾನ್ಯ, ಹಿಟ್ಟುಗಳನ್ನು ಅಂಗಡಿಯಿಂದ ತಂದು ಪರೀಕ್ಷಿಸಿದಾಗ 7 ಆ ಮಿತಿ ಮೀರಿದ್ದವು. ಯಾರೂ ಬೇಕೆಂದು ಬೆರೆಸಿದ್ದಲ್ಲ.

ದೊಡ್ಡವರೂ ಇದರಲ್ಲೇ ಎಡವುತ್ತಾರೆ. 2015ರ ಅಕ್ಟೋಬರಿನಲ್ಲಿ ಜನರಲ್ ಮಿಲ್ಸ್ ಕಂಪನಿ ಗ್ಲುಟೆನ್ ಫ್ರೀ ಎಂದು ಮಾರಿದ್ದ ಚೀರಿಯೋಸ್ ಎಂಬ ಓಟ್ಸ್ ತಿಂಡಿಯ ಸುಮಾರು 18 ಲಕ್ಷ ಡಬ್ಬಿ ಹಿಂದಕ್ಕೆ ಕರೆಸಿಕೊಂಡಿತು. ಕ್ಯಾಲಿಫೋರ್ನಿಯಾದ ಲೋಡಿಯಲ್ಲಿದ್ದ ಅದರ ಕಾರ್ಖಾನೆಗೆ ಕೆಲಕಾಲ ರೈಲು ತಪ್ಪಿತ್ತು. ಓಟ್ಸ್ ಹಿಟ್ಟನ್ನು ವ್ಯಾಗನ್ನಿನಿಂದ ಲಾರಿಗೆ ಇಳಿಸಿ ತರುವ ಆ ದಿನಗಳಲ್ಲಿ ಗೋಧಿ ಹಿಟ್ಟು ಒಳಹೊಕ್ಕಿತು. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಗೋಧಿ ಇರಲಿಲ್ಲ. ಪಟ್ಟಿ ಓದುವ ರೋಗಿ ಎಷ್ಟು ಎಚ್ಚರವಾಗಿದ್ದರೂ ಪ್ರಯೋಜನವಿರಲಿಲ್ಲ. ಇದು ಕೈತಪ್ಪು. ಹಸಿ ಮೋಸದ ಕಥೆಯೂ ಇದೆ: ಉತ್ತರ ಕ್ಯಾರೊಲಿನಾದಲ್ಲಿ ಒಬ್ಬ ಮಾಮೂಲಿ ಬ್ರೆಡ್ಡನ್ನೇ ಕೊಂಡು ತಂದು, ಗ್ಲುಟೆನ್ ಫ್ರೀ ಎಂದು ಮತ್ತೆ ಕಟ್ಟಿ ಮಾರುತ್ತಿದ್ದ. 2011ರಲ್ಲಿ ಜೈಲಿಗೆ ಹೋದ. ತಿಂದವರು ಕಾಯಿಲೆ ಬಿದ್ದ ಮೇಲೇ ಅವನ ಗುಟ್ಟು ರಟ್ಟಾದದ್ದು.

ಎಲ್ಲರೂ ಹಾಗೆ ಕಾಯಿಲೆ ಬೀಳುವುದೂ ಇಲ್ಲ, ಅದೇ ಕಷ್ಟ. ಎಷ್ಟೋ ಸೀಲಿಯಾಕ್ ರೋಗಿಗಳಿಗೆ ತಕ್ಷಣ ಹೊಟ್ಟೆನೋವಾಗಲಿ ಭೇದಿಯಾಗಲಿ ಆಗದು. ಕರುಳು ಮಾತ್ರ ಒಳಗೊಳಗೇ ಸವೆಯುತ್ತದೆ. ‘ತಿಂದೆ, ಏನೂ ಆಗಲಿಲ್ಲ’ ಎಂಬುದು ಪೊಟ್ಟಣದ ಪರವಾದ ಸಾಕ್ಷಿಯಲ್ಲ.

ಹಾಗಾದರೆ ಪ್ರಮಾಣಪತ್ರ? ಪೊಟ್ಟಣದ ಮೇಲಿನ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಸಂಖ್ಯೆ ಕಂಡು ಸರಕಾರವೇ ಗ್ಲುಟೆನ್ ಪರೀಕ್ಷೆ ಮಾಡಿದೆ ಎಂದುಕೊಳ್ಳುವವರು ಬಹಳ. ಅದು ಆಹಾರದ ವ್ಯಾಪಾರ ನಡೆಸಲು ಕೊಟ್ಟ ಲೈಸೆನ್ಸಿನ ನಂಬರು, ಅಷ್ಟೇ. ಅಡ್ಡಗೆರೆ ಎಳೆದ ಗೋಧಿ ತೆನೆಯ ಚಿತ್ರವೂ ಹಾಗೆಯೇ. ಬ್ರಿಟನ್, ಯುರೋಪಿನ ರೋಗಿಗಳ ಸಂಘಗಳು ಕೊಡುವ ಅಸಲಿ ಚಿಹ್ನೆಯ ಜತೆಗೆ ಒಂದು ಪರವಾನಗಿ ಸಂಖ್ಯೆ ಇರುತ್ತದೆ. ಸಂಖ್ಯೆ ಇಲ್ಲದ ತೆನೆ ಡಿಸೈನರ್ ಬರೆದ ಬರೀ ತೆನೆ. ನನ್ನ ಕೇಳಿದರೆ, ಈ ಬ್ಯಾಚನ್ನು ಇಂಥ ದಿನ ಪರೀಕ್ಷಿಸಿದೆ, ಇಷ್ಟು ಬಂತು ಎಂದು ಅಚ್ಚು ಹಾಕಿಸಬೇಕು. ಬೆಲೆ, ತಯಾರಿಸಿದ ತಾರೀಖು ಅಚ್ಚಾಗುವ ಜಾಗದಲ್ಲೇ ಇನ್ನೊಂದು ಸಾಲು, ಎಂಥ ಖರ್ಚು? ಅದಾದರೆ ಅರಿಶಿನದ ಮೇಲೆ ಗ್ಲುಟೆನ್ ಫ್ರೀ ಬರೆಸುವ ಹುಮ್ಮಸ್ಸೂ ತಾನಾಗಿ ಇಳಿದೀತು.

ಅಲ್ಲಿಯವರೆಗೆ ಮನೆಯಲ್ಲಿ ಇಂಥ ರೋಗಿ ಇರುವವರು ಇಂಗಿನ ಡಬ್ಬಿಯನ್ನೊಮ್ಮೆ ತಿರುಗಿಸಿ ನೋಡಿ. ಅಂಗಡಿಯಲ್ಲಿ ಸಿಗುವುದು ಬಹುಪಾಲು ಅಪ್ಪಟ ಇಂಗಲ್ಲ. ಅದರ ಘಾಟು ತಗ್ಗಿಸಲು ಗೋಂದು, ಹಿಟ್ಟು ಸೇರಿಸಿರುತ್ತಾರೆ, ಆ ಹಿಟ್ಟು ಎಷ್ಟೋ ಸಲ ಗೋಧಿಯದು ಅಥವಾ ಮೈದಾ. ಅನ್ನ, ಸಾರು, ಅಕ್ಕಿ ಚಕ್ಕುಲಿ, ಪುಳಿಯೋಗರೆ ಗೊಜ್ಜು ಎಂದು ಗೋಧಿಯನ್ನು ಹೊಸಿಲಾಚೆಯೇ ನಿಲ್ಲಿಸಿದ ಅಡುಗೆಗೆ ಅದು ಒಗ್ಗರಣೆಯ ದಾರಿಯಲ್ಲಿ ಬರುತ್ತದೆ. ಮನೆಯಲ್ಲೇ ಚಕ್ಕುಲಿ ಮಾಡಿ ಪೊಟ್ಟಣಕ್ಕೆ ಗ್ಲುಟೆನ್ ಫ್ರೀ ಚೀಟಿ ಅಂಟಿಸಿ ಮಾರುವ ಗೃಹೋದ್ಯಮದವರಿಗೂ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಬರುತ್ತದೆ, ಹುಡುಕಿದರೆ ಸಿಗುತ್ತದೆ.