ಮೆಚ್ಚುಗೆ ಮತ್ತು ಇಸ್ಲಾಹ್

ಯಾರಾದರೂ ತಾವು ಬರೆದ ಚಿತ್ರವನ್ನು ನಮ್ಮ ಮುಂದೆ ಹಿಡಿದರೆ ನಾವು ಚಿತ್ರಕ್ಕಿಂತ ಮೊದಲು ಅವರ ಮುಖ ನೋಡುತ್ತೇವೆ. ಅಲ್ಲೊಂದು ಆಸೆ ಇರುತ್ತದೆ. ಅದನ್ನು ನೋಯಿಸಲು ಮನಸ್ಸು ಬಾರದೆ 'ಬಹಳ ಚೆನ್ನಾಗಿದೆ' ಎಂದುಬಿಡುತ್ತೇವೆ. ಇದು ದಯೆಯೋ, ಸುಳ್ಳೋ?

ಈ ಪ್ರಶ್ನೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಚನ್ನಗಿರಿ ತಾಲೂಕಿನ ಸಂತೇಬೆನ್ನೂರಿನಲ್ಲಿ. ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿ, ನೀರಿನ ನಡುವೆ ವಸಂತ ಮಂಟಪ, ಪಕ್ಕದಲ್ಲೇ ಮುಸಾಫಿರ್ ಖಾನೆ. ಒಂದು ಭಾನುವಾರ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಬಂದ ಏಳೆಂಟು ಮಂದಿ ಮೆಟ್ಟಿಲುಗಳ ಮೇಲೆ ಕುಳಿತು ಚಿತ್ರ ಬರೆಯುತ್ತಿದ್ದರು. ನಾವು ಬರೀ ನೋಡಲು ಹೋಗಿದ್ದೆವು. ದಾವಣಗೆರೆಯಲ್ಲಿ 1964ರಿಂದ ಚಿತ್ರಕಲೆಯ ಕಾಲೇಜಿದೆ. ಇವರಲ್ಲಿ ಯಾರೂ ಅಲ್ಲಿ ಓದಿದವರಲ್ಲ. ಒಬ್ಬರು ಅಡಿಕೆ ಮಂಡಿಯ ಗುಮಾಸ್ತರು, ಒಬ್ಬಾಕೆ ಮದುವೆಮನೆಗಳಲ್ಲಿ ಮೆಹಂದಿ ಹಾಕುವವರು, ಜಗಳೂರಿನ ಹಿರಿಯರೊಬ್ಬರು ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಬೋರ್ಡ್ ಪೇಂಟರ್.

ಸಂಜೆ ಪುಸ್ತಕಗಳು ಕೈಯಿಂದ ಕೈಗೆ ದಾಟಿದವು. ಹಿರಿಯರ ಮಂಟಪ ನೋಡಿ ಎಲ್ಲರೂ 'ಸೂಪರ್' ಎಂದರು. ನಾವೂ 'ಅದ್ಭುತ' ಎಂದೆವು. ನ್ಯಾಮತಿಯ ಶಾಲಾ ಹುಡುಗಿಯೊಬ್ಬಳು ಮಾತ್ರ ಬಹಳ ಹೊತ್ತು ನೋಡಿ, "ಅಜ್ಜ, ನೀರು ಒಂದು ಕಡೆ ಇಳಿದಂಗೈತಲ್ಲ?" ಎಂದಳು. ಹಿರಿಯರು ಹಾಳೆಯನ್ನು ದೂರ ಹಿಡಿದು ನೋಡಿದರು. ಓರೆಯಾಗಿದ್ದ ಗೆರೆಯನ್ನು ಅಳಿಸಿದರು. "ಈಗ ನಿನ್ನ ಪುಸ್ತಕ ಕೊಡವ್ವ" ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ಸಾಹೇಬ್ರೆ, ನಿಮ್ಮದು?" ಎಂದು ಕೇಳಿದರು. ನಮ್ಮ ಬಳಿ ಪುಸ್ತಕವೇ ಇರಲಿಲ್ಲ.

ನಮ್ಮ 'ಅದ್ಭುತ' ಎಷ್ಟು ಅಗ್ಗದ್ದೆಂದು ಆಗ ತಿಳಿಯಿತು. ನಾವು ಆ ಗೆರೆಯನ್ನು ನೋಡಿಯೇ ಇರಲಿಲ್ಲ. ನೋಡುವ ಶ್ರಮ ತಪ್ಪಿಸಿಕೊಳ್ಳಲು ಹೊಗಳಿದ್ದೆವು.

ಹಾಗೆಂದು ಸತ್ಯ ಹೇಳುವವರೆಲ್ಲ ಉಪಕಾರಿಗಳೇನೂ ಅಲ್ಲ. ಹೈಸ್ಕೂಲಿನಲ್ಲಿದ್ದಾಗ ನಾವು ಬರೆದ ಮಿನಾರೊಂದನ್ನು ಮೇಷ್ಟ್ರೊಬ್ಬರು ಇಡೀ ತರಗತಿಗೆ ತೋರಿಸಿ ನಕ್ಕಿದ್ದರು. ಮಿನಾರು ವಾಲಿದ್ದುದು ನಿಜ. ಆದರೆ ಅಂದಿನಿಂದ ನಾವು ಚಿತ್ರ ಬರೆಯಲಿಲ್ಲ. ಪುಸ್ತಕವಿಲ್ಲದೆ ಆ ಮೆಟ್ಟಿಲ ಮೇಲೆ ಕುಳಿತದ್ದಕ್ಕೆ ಆ ನಗೆಯೂ ಕಾರಣ.

ಉರ್ದು ಕಾವ್ಯಲೋಕ ಇದಕ್ಕೊಂದು ದಾರಿ ಕಂಡುಕೊಂಡಿತ್ತು. ಮುಶಾಯಿರಾದ ಸಭೆಯಲ್ಲಿ 'ವಾಹ್ ವಾಹ್'. ತಿದ್ದುವುದು ಮಾತ್ರ ಉಸ್ತಾದ್ ಮತ್ತು ಶಾಗಿರ್ದರ ನಡುವಿನ ವಿಷಯ. ಅದಕ್ಕೆ ಇಸ್ಲಾಹ್ ಎಂದು ಹೆಸರು. ಮಿರ್ಜಾ ಗಾಲಿಬ್ (1797-1869) ತಮ್ಮ ಶಿಷ್ಯರ ಕವಿತೆಗಳನ್ನು ಅಂಚೆಯಲ್ಲಿ ತರಿಸಿಕೊಂಡು ತಿದ್ದಿ ಕಳುಹಿಸುತ್ತಿದ್ದರು. ಅವರಲ್ಲಿ ಹರಗೋಪಾಲ್ ತಫ್ತಾ ಅಚ್ಚುಮೆಚ್ಚಿನವರು. ತಿದ್ದುವ ಪತ್ರಗಳಲ್ಲೇ ಆ ಸ್ನೇಹವೂ ಬೆಳೆಯಿತು.

ಆ ಹುಡುಗಿಗೆ ಗಾಲಿಬ್ ಗೊತ್ತಿರಲಾರರು, ಇಸ್ಲಾಹ್ ಗೊತ್ತಿತ್ತು. ಹೇಳುವ ಮೊದಲು ಅವಳು ನೋಡಿದಳು. ತಪ್ಪನ್ನು ಗೆರೆಯಲ್ಲಿ ಕಂಡಳು, ಗೆರೆ ಎಳೆದವರಲ್ಲಿ ಕಾಣಲಿಲ್ಲ. ತನ್ನ ಪುಸ್ತಕವನ್ನೂ ಅದೇ ಪರೀಕ್ಷೆಗೆ ಕೊಟ್ಟಳು. ಹಿರಿಯರಿಗೆ ನೋವಾಗದಿದ್ದುದು ಇದರಿಂದಲೇ. ಯಾವ ಬಹುಮಾನದ ಆಸೆಯೂ ಇಲ್ಲದೆ ಬರೆಯುವವನಿಗೆ ಸಿಗುವ ಕೂಲಿ ಎಂದರೆ ಇನ್ನೊಬ್ಬರ ಕಣ್ಣು ತನ್ನ ಹಾಳೆಯ ಮೇಲೆ ನಿಲ್ಲುವುದು. ನೋಡದೆ ಹೊಗಳುವವರು ಆ ಕೂಲಿಯನ್ನೇ ಕಸಿಯುತ್ತಾರೆ.

ನಮ್ಮ ಮನೆ, ಶಾಲೆ, ಸಾಹಿತ್ಯ ಸಭೆಗಳಲ್ಲಿಯೂ ಹೊಗಳಿಕೆ ಧಾರಾಳವಾಗಿದೆ, ನಗೆಯೂ ಇದೆ. ಒಬ್ಬರ ಹಾಳೆಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನೋಡುವ ವ್ಯವಧಾನ ಮಾತ್ರ ಕಡಿಮೆಯಾಗಿದೆ. ಮತ್ತೆ ಸಂತೇಬೆನ್ನೂರಿಗೆ ಹೋಗುವುದಾದರೆ ನಾವು ಬರಿಗೈಯಲ್ಲಿ ಹೋಗಬಾರದು.