‘ನಮ್ಮ ಹುಡುಗರು’ ಎಂದರೆ ಯಾರು?

ರಾಯಚೂರು ಎಂದೊಡನೆ ಇತಿಹಾಸ ಬಲ್ಲವರಿಗೆ 1520ರ ಕದನ ನೆನಪಾಗುತ್ತದೆ. ಕೃಷ್ಣಾ-ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗಾಗಿ ವಿಜಯನಗರದ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಹನೂ ಕಾದಾಡಿದರು. ಇಂದು ಅದೇ ನೆಲದಲ್ಲಿ ದೇವದುರ್ಗ, ಮಾನ್ವಿ, ರಾಯಚೂರುಗಳ ಪ್ರೌಢಶಾಲೆಯ ಮಕ್ಕಳು ಸುಣ್ಣದ ಗೆರೆಗಳ ನಡುವೆ ಕಬಡ್ಡಿಯಲ್ಲಿ ಸೆಣಸುತ್ತಾರೆ. ಹೋಬಳಿ, ತಾಲೂಕು ಹಂತಗಳನ್ನು ಗೆದ್ದು ಜಿಲ್ಲಾ ಮಟ್ಟಕ್ಕೆ ಬಂದ ತಂಡವು ಒಂದು ಶಾಲೆಯ ತಂಡವಾಗಿ ಉಳಿಯುವುದಿಲ್ಲ. ‘ನಮ್ಮ ಮಾನ್ವಿ’, ‘ನಮ್ಮ ದೇವದುರ್ಗ’ ಆಗಿಬಿಡುತ್ತದೆ.

ಈ ಪೈಪೋಟಿ ತಪ್ಪೇ? ನನಗೆ ಹಾಗೆನಿಸುವುದಿಲ್ಲ. ‘ಕಾಂಪಿಟಿಷನ್’ ಎಂಬ ಪದದ ಲತೀನ್ ಮೂಲಕ್ಕೆ ಜೊತೆಗೂಡಿ ಅರಸುವುದು ಎಂಬ ಅರ್ಥವಿದೆ. ಎದುರಾಳಿಯಿಲ್ಲದೆ ಆಟವೇ ಇಲ್ಲ. ಅಲ್ಲದೆ ಮಳೆ ಕೈಕೊಟ್ಟಾಗ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ಈ ಸೀಮೆಯಲ್ಲಿ, ಬಾಲಕನೊಬ್ಬನ ಹೆಸರನ್ನು ಇಡೀ ಊರು ಒಂದೇ ದನಿಯಲ್ಲಿ ಕೂಗುವ ಸಂದರ್ಭ ಇನ್ನೆಲ್ಲಿದೆ?

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಕಬಡ್ಡಿ ಮುಟ್ಟುವ ಆಟ. ಏಳು ಮಂದಿ ಕೈಗೆ ಕೈ ಕೋದು ನಿಲ್ಲುತ್ತಾರೆ. ದಾಳಿಗೆ ಬಂದವನ ಕಾಲನ್ನು ತಬ್ಬಿ ಹಿಡಿಯುತ್ತಾರೆ. ಒಬ್ಬನ ಬೆವರು, ಮಣ್ಣು ಇನ್ನೊಬ್ಬನಿಗೆ ಮೆತ್ತುತ್ತದೆ. ಯಾರದು ಯಾವ ಕೇರಿಯೆಂದು ಆ ಹೊತ್ತಿನಲ್ಲಿ ಕೇಳುವವರಿಲ್ಲ. ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ 17ನೆಯ ವಿಧಿಯೊಡನೆ ನಮ್ಮ ಸಂವಿಧಾನ ಜಾರಿಗೆ ಬಂದದ್ದು 1950ರಲ್ಲಿ. ಆದರೂ ಗುಡಿಯ ಬಾಗಿಲಲ್ಲಿ, ಹೋಟೆಲಿನ ಲೋಟದಲ್ಲಿ, ಕ್ಷೌರದ ಅಂಗಡಿಯಲ್ಲಿ ಅದರ ನೆರಳು ನಮ್ಮ ಹಳ್ಳಿಗಳಿಂದ ಪೂರ್ತಿಯಾಗಿ ತೊಲಗಿಲ್ಲ. ಕ್ರೈಸ್ತರಾದ ನಾವೂ ಈ ವಿಷಯದಲ್ಲಿ ಅನ್ಯರತ್ತ ಬೆರಳು ತೋರಿಸಿ ಪಾರಾಗುವಂತಿಲ್ಲ. ಮದುವೆಯ ಮಾತು ಬಂದಾಗ ನಮ್ಮ ಮನೆಗಳಲ್ಲೂ ಮೊದಲು ಕೇಳುವುದು ಏನನ್ನೆಂದು ನಾವೆಲ್ಲ ಬಲ್ಲೆವು.

ಎದುರಾಳಿಯನ್ನು ಮಣಿಸಿದ ಸಂಜೆ ಊರವರು ಹೆಗಲ ಮೇಲೆ ಹೊತ್ತು ಮೆರೆಸಿದ ಹುಡುಗ, ಮರುದಿನ ಅದೇ ಊರಿನ ಹೋಟೆಲಿನಲ್ಲಿ ಯಾವ ಲೋಟದಲ್ಲಿ ಚಹಾ ಕುಡಿಯುತ್ತಾನೆ? ಪೈಪೋಟಿಯಿಂದ ಹುಟ್ಟುವ ‘ನಾವು’ ಎಂಬುದಕ್ಕೆ ಎದುರಿಗೆ ಇನ್ನೊಂದು ಊರು ಬೇಕು. ಆ ಊರಿನ ಮಕ್ಕಳನ್ನು ಹೊತ್ತ ಬಸ್ಸು ಹೊರಟುಹೋದ ಮೇಲೆ ಈ ‘ನಾವು’ ಮತ್ತೆ ಕೇರಿಕೇರಿಯಾಗಿ ಒಡೆಯುವುದಾದರೆ, ಅಷ್ಟು ಹೊತ್ತು ಗಂಟಲು ಹರಿಯುವಂತೆ ನಾವು ಹುರಿದುಂಬಿಸಿದ್ದು ಯಾರನ್ನು?

ಮಕ್ಕಳಿಗೆ ಇದೆಲ್ಲ ತಿಳಿಯದೆಂದು ಭಾವಿಸಬೇಡಿ, ಪ್ರಿಯ ಓದುಗರೇ. ಅಂಕಣದಲ್ಲಿ ತನ್ನ ಕೈ ಹಿಡಿದಿದ್ದ ಗೆಳೆಯ ಮನೆಯ ಜಗಲಿಯಾಚೆಯೇ ನಿಂತು ನೀರು ಕೇಳುವುದನ್ನು ಮಗ ನೋಡುತ್ತಾನೆ. ಮುಂದಿನ ಸಲ ಮಗನೋ ಮಗಳೋ ಪದಕದೊಡನೆ ಬಂದಾಗ, ಎಷ್ಟು ಅಂಕಗಳಿಂದ ಗೆದ್ದಿರೆಂದು ಅವಶ್ಯವಾಗಿ ಕೇಳಿ. ಬಳಿಕ, ಆ ತಂಡದಲ್ಲಿ ಎಷ್ಟು ಮಂದಿ ನಿಮ್ಮ ಮನೆಯೊಳಗೆ ಕುಳಿತು ಉಂಡಿದ್ದಾರೆಂದು ಎಣಿಸಿ ನೋಡಿ.