ಸೆಕೆಯ ಪಾಲು

ಘಟ್ಟದ ಮೇಲಿನ ಕನ್ನಡಕ್ಕೂ ನಮ್ಮ ಕರಾವಳಿಯ ಕನ್ನಡಕ್ಕೂ ಇರುವ ಅಂತರ ತಿಳಿಯಬೇಕಾದರೆ ಎಪ್ರಿಲ್ ತಿಂಗಳಲ್ಲಿ ಮಾತಾಡಿಸಿ ನೋಡಬೇಕು. ಅವರು ‘ಬಿಸಿಲು’ ಎನ್ನುತ್ತಾರೆ, ನಾವು ‘ಸೆಕೆ’ ಎನ್ನುತ್ತೇವೆ. ಬಿಸಿಲಿಗೆ ನೆರಳೆಂಬುದೊಂದಿದೆ. ಸೆಕೆಗೆ ಅದಿಲ್ಲ. ಅದು ಮಾವಿನ ಮರದಡಿಯಲ್ಲೂ ಇರುತ್ತದೆ, ಮನೆಯೊಳಗೂ ಇರುತ್ತದೆ, ಸೂರ್ಯ ಮುಳುಗಿ ನಾಲ್ಕು ಗಂಟೆ ಕಳೆದ ಮೇಲೆ ಹಾಸಿಗೆಯಲ್ಲೂ ಇರುತ್ತದೆ. ಮಲಯಾಳದ ‘ಪುಳುಕ್ಕಂ’ ಎಂಬ ಮಾತು ಇನ್ನೂ ಖಚಿತವಾದುದು. ಭತ್ತ ಬೇಯಿಸುವುದಕ್ಕೆ ಹೇಳುವ ಮಾತಿನ ಬಳಗಕ್ಕೇ ಅದು ಸೇರಿದೆ. ಕುಚ್ಚಲಕ್ಕಿಗೆ ಆಗುವುದೇ ಮನುಷ್ಯನಿಗೂ ಆಗುತ್ತದೆ ಎಂದು ಅದನ್ನು ಆಡಿದವರಿಗೆ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ಕಲಬುರ್ಗಿ ಕಡೆಯ ಮಿತ್ರರೊಬ್ಬರು ಮೇ ತಿಂಗಳಲ್ಲಿ ನಮ್ಮಲ್ಲಿಗೆ ಬಂದಿದ್ದರು. ಪತ್ರಿಕೆಯಲ್ಲಿ ನಮ್ಮ ಊರಿನ ಉಷ್ಣತೆ 33 ಡಿಗ್ರಿ ಎಂದು ಓದಿ ನಕ್ಕರು. “ನಮ್ಮಲ್ಲಿ 42 ಆಗುತ್ತದ್ರಿ, ಇದೇನು ಸೆಕೆ?” ಎಂದರು. ರಾತ್ರಿ ಹನ್ನೆರಡಕ್ಕೆ ನೋಡಿದರೆ ಜಗಲಿಯ ಮೆಟ್ಟಿಲ ಮೇಲೆ ಒದ್ದೆ ಟವೆಲು ಹೊದ್ದು ಕುಳಿತಿದ್ದರು. ಟವೆಲು ಆರುತ್ತಿರಲಿಲ್ಲ. ತೊಂದರೆ ಇದ್ದದ್ದು ಅಲ್ಲಿಯೇ. ಬೆವರು ಬರುವುದರಿಂದ ಮೈ ತಂಪಾಗುವುದಿಲ್ಲ, ಬೆವರು ಆರುವುದರಿಂದ ತಂಪಾಗುತ್ತದೆ. ಅವರ ಊರಿನ ಒಣಹವೆಯಲ್ಲಿ ಅದು ಕ್ಷಣದಲ್ಲಿ ಆರುತ್ತದೆ. ನೀರು ತುಂಬಿಸುವ ಕೂಲರು ಕೂಡ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದೇ ಕೂಲರನ್ನು ಕಾಸರಗೋಡಿಗೆ ತಂದಿಟ್ಟರೆ ತೇವಕ್ಕೆ ತೇವ ಸೇರಿಸಿದಂತೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವೇ 35 ಡಿಗ್ರಿ ತೋರಿಸುವಂಥ ಹವೆಯಲ್ಲಿ ಆರೋಗ್ಯವಂತ ಯುವಕ ಕೂಡ, ನೆರಳಿನಲ್ಲಿ ಸುಮ್ಮನೆ ಕುಳಿತಿದ್ದರೂ, ಕೆಲವೇ ಗಂಟೆ ಬದುಕಬಹುದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಈಚಿನ ಪ್ರಯೋಗಗಳು ಆ ಮಿತಿಯನ್ನು ಇನ್ನೂ ಕೆಳಗೆ ಇಳಿಸಿವೆ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಮನೆಗೆ ಏರ್ ಕಂಡೀಷನರ್ ಹಾಕಿಸುವುದು ಅಗತ್ಯವೋ ಷೋಕಿಯೋ ಎಂಬ ಚರ್ಚೆ ನಮ್ಮಲ್ಲಿ ಆಗಾಗ ನಡೆಯುತ್ತದೆ. ನಡೆಸುವವರು ಬಹುಮಟ್ಟಿಗೆ ತಮ್ಮ ಮೈಯ ಹವೆಯಿಂದ ಇನ್ನೊಬ್ಬರ ಮೈಯನ್ನು ಅಳೆಯುತ್ತಾರೆ. ಉದಕಮಂಡಲದಲ್ಲಿ ಕುಳಿತು ಕುಂಬಳೆಯವರಿಗೆ ತಾಳ್ಮೆ ಬೋಧಿಸುವುದು ಸುಲಭ. ಇದು ಬರಿಯ ದೃಷ್ಟಾಂತವಲ್ಲ. ನಮ್ಮ ನೆಲ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮದ್ರಾಸು ಆಧಿಪತ್ಯದ ಕೆಳಗೆ ಇದ್ದ ಕಾಲದಲ್ಲಿ ಸರಕಾರವೇ ಬೇಸಗೆಯಲ್ಲಿ ಊಟಿಗೆ ಏರುತ್ತಿತ್ತು. ಕೆಳಗೆ ಉಳಿದ ಅಧಿಕಾರಿಗಳಿಗೆ ಪಂಖಾ ಇತ್ತು, ಅದರ ಹಗ್ಗ ಎಳೆಯುವ ಆಳು ಜಗಲಿಯಲ್ಲಿ ಇದ್ದ. ಆ ಆಳಿನ ಸೆಕೆ ಯಾವ ಕಡತದಲ್ಲೂ ನಮೂದಾಗಲಿಲ್ಲ.

ಚಳಿಯ ವಿಷಯಕ್ಕೆ ಬಂದರೆ ಲೋಕದ ನ್ಯಾಯವೇ ಬೇರೆ. ಯುರೋಪಿನಲ್ಲಿ ಹೊರಗೆ ಸೊನ್ನೆ ಡಿಗ್ರಿ ಇರುವಾಗ ಮನೆಯನ್ನು 20 ಡಿಗ್ರಿಗೆ ಕಾಯಿಸುವವನನ್ನು ಯಾರೂ ಸುಖಲೋಲುಪ ಎನ್ನುವುದಿಲ್ಲ. ಫ್ರಾನ್ಸಿನಲ್ಲಿ ನವೆಂಬರದಿಂದ ಮಾರ್ಚಿಯ ತನಕ, ಬಾಡಿಗೆ ಕೊಡದವನನ್ನು ಕೂಡ ಮನೆಯಿಂದ ಹೊರಹಾಕಬಾರದು ಎಂಬ ಕಾನೂನಿದೆ. ಚಳಿಯಲ್ಲಿ ಮನುಷ್ಯ ಸಾಯುತ್ತಾನೆಂದು ಅವರು ಒಪ್ಪಿದ್ದಾರೆ. ಅದೇ ದೇಶದಲ್ಲಿ ಮನೆಗೆ ಎ.ಸಿ. ಹಾಕುವುದು ಬಹುಕಾಲ ಅಮೆರಿಕದ ಅತಿರೇಕವೆಂದೇ ಎಣಿಕೆಯಾಗಿತ್ತು. 2003ರ ಆಗಸ್ಟಿನಲ್ಲಿ ಬಂದ ಬಿಸಿಗಾಳಿಗೆ ಅಲ್ಲಿ ಸುಮಾರು 15,000 ಜನ ತೀರಿಕೊಂಡರು. ಹೆಚ್ಚಿನವರು ವೃದ್ಧರು, ಮಕ್ಕಳು ರಜೆಗೆ ಹೋಗಿದ್ದಾಗ ಮೇಲಂತಸ್ತಿನ ಕೋಣೆಗಳಲ್ಲಿ ಒಂಟಿಯಾಗಿ ಉಳಿದವರು ಅವರಲ್ಲಿದ್ದರು. ಸೊನ್ನೆಯಿಂದ 20ಕ್ಕೆ ಏರಿಸಿದರೆ 20 ಡಿಗ್ರಿಯ ಕೆಲಸ, 34ರಿಂದ 26ಕ್ಕೆ ಇಳಿಸಿದರೆ ಎಂಟು ಡಿಗ್ರಿಯ ಕೆಲಸ. ಹಾಗಿದ್ದೂ ಮೊದಲನೆಯದು ಗೃಹಕೃತ್ಯ, ಎರಡನೆಯದು ಐಷಾರಾಮ! ನಮ್ಮ ಸರಕಾರದ ಎಣಿಕೆಯೂ ಭಿನ್ನವಾಗಿರಲಿಲ್ಲ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಎ.ಸಿ.ಯನ್ನು ಪಾನ್ ಮಸಾಲೆ, ತಂಬಾಕುಗಳ ಜತೆಗೆ ಶೇಕಡಾ 28ರ ಪಂಕ್ತಿಯಲ್ಲಿ ಕೂರಿಸಿದರು. ಅದು 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರಿನಲ್ಲಿ.

ಸಹಿಸುವುದೇ ಗುಣ ಎಂಬ ನಂಬಿಕೆಗೆ ಜಪಾನಿನಲ್ಲಿ ಒಂದು ಹೆಸರಿದೆ, ‘ಗಮನ್’ ಎಂದು. (ನಮ್ಮ ‘ಗಮನ’ಕ್ಕೂ ಅದಕ್ಕೂ ನಂಟಿಲ್ಲ.) ಗೊಣಗದೆ ತಾಳಿಕೊಳ್ಳುವುದು ಎಂದು ಅರ್ಥ. ಅದು ದೊಡ್ಡ ಗುಣವೇ; 2011ರ ಭೂಕಂಪದ ನಂತರ ಆ ಜನ ವಿದ್ಯುತ್ ಉಳಿಸಲು ಬೇಸಗೆಯಿಡೀ ಸೆಕೆ ತಿಂದದ್ದನ್ನು ಲೋಕ ಮೆಚ್ಚಿತು. ಅಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಯಂತ್ರವಿದೆ. ಆದರೆ ಟೋಕಿಯೊದಲ್ಲಿ ಬೇಸಗೆಯ ಉಷ್ಣಾಘಾತಕ್ಕೆ ಮನೆಯೊಳಗೇ ಸತ್ತವರ ಲೆಕ್ಕ ತೆಗೆದಾಗ, ಹೆಚ್ಚಿನವರು ವಯಸ್ಸಾದವರು, ಅವರಲ್ಲಿ ಅನೇಕರ ಕೋಣೆಯಲ್ಲಿ ಯಂತ್ರ ಇತ್ತು, ಚಾಲೂ ಆಗಿರಲಿಲ್ಲ. ಮುಪ್ಪಿನಲ್ಲಿ ಮೈಗೆ ಸೆಕೆ ಸರಿಯಾಗಿ ತಿಳಿಯುವುದಿಲ್ಲ, ಬೆವರೂ ಕಡಿಮೆ, ಬಾಯಾರಿಕೆಯೂ ತಡವಾಗಿ ಬರುತ್ತದೆ. ತಾನು ತಾಳಿಕೊಳ್ಳುತ್ತಿದ್ದೇನೆ ಎಂದುಕೊಂಡವರ ಮೈ ಆಗಲೇ ಸೋತಿರುತ್ತದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ದೊಡ್ಡಮ್ಮ. ಎಂಬತ್ತನಾಲ್ಕು ವರ್ಷ, ರಕ್ತದೊತ್ತಡ, ಹೃದಯದ ತೊಂದರೆ. ಮಗ ಶಾರ್ಜಾದಲ್ಲಿ ಇಪ್ಪತ್ತು ವರ್ಷ ದುಡಿದು ಪೇಟೆಯ ಹತ್ತಿರ ಕಟ್ಟಿಸಿದ ತಾರಸಿ ಮನೆ. ಆ ಮರಳುಗಾಡಿನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ನಡುಹಗಲು ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಕಾನೂನಿದೆ. ಮಿಕ್ಕ ಹೊತ್ತಿನ ದುಡಿಮೆ ಮುಗಿಸಿ ಬಂದವನು ಆರೆಂಟು ಜನರೊಂದಿಗೆ ಮಲಗುವ ಕ್ಯಾಂಪಿನ ಕೋಣೆಯಲ್ಲಿ ಎ.ಸಿ. ಇರುತ್ತದೆ. ಅದನ್ನು ಅಲ್ಲಿ ಯಾರೂ ಸುಖ ಎಂದು ಕರೆಯುವುದಿಲ್ಲ, ನಲ್ಲಿಯ ನೀರಿನಂತೆ ಅದೊಂದು ಇರಲೇಬೇಕಾದ ವಸ್ತು. ಆ ಅಭ್ಯಾಸದ ಕಣ್ಣಿನಿಂದ ನೋಡಿ, ರಜೆಯಲ್ಲಿ ಬಂದ ತಮ್ಮ ಅಮ್ಮನ ಕೋಣೆಗೆ ಒಂದು ಹಾಕಿಸುತ್ತೇನೆಂದ. ದೊಡ್ಡಮ್ಮ ನನ್ನನ್ನು ಕರೆಸಿದರು.

“ನೀನಾದರೂ ಅವನಿಗೆ ಹೇಳು ಮಾರಾಯ. ನಿನ್ನ ದೊಡ್ಡಪ್ಪ ಹಾಳೆ ಬೀಸಣಿಗೆಯಲ್ಲೇ ಎಂಬತ್ತು ಕಳೆದರು. ನನಗೆ ಆ ಪೆಟ್ಟಿಗೆ ಯಾಕೆ? ನಾಳೆ ಅದಿಲ್ಲದೆ ನಿದ್ರೆಯೇ ಬಾರದ ಹಾಗೆ ಆದರೆ ಏನು ಮಾಡುವುದು?”

ಅವರ ಕೊನೆಯ ಮಾತನ್ನು ಹಗುರವಾಗಿ ತೆಗೆಯುವಂತಿಲ್ಲ. ಮೈ ಸೆಕೆಗೆ ಒಗ್ಗುತ್ತದೆ, ಒಂದೆರಡು ವಾರ ತಂಪಿನಲ್ಲಿಟ್ಟರೆ ಒಗ್ಗಿದ್ದನ್ನು ಮರೆಯುತ್ತದೆ. ಇದು ಶಾಸ್ತ್ರವೂ ಹೌದು, ಅನುಭವವೂ ಹೌದು. ಆದರೆ ಮೊದಲನೆಯ ಮಾತಿಗೆ ಉತ್ತರವಿದೆ. ದೊಡ್ಡಪ್ಪ ಎಂಬತ್ತು ಕಳೆದದ್ದು ಬರಿಯ ಬೀಸಣಿಗೆಯಿಂದಲ್ಲ, ಬೇರೆ ಮನೆಯಿಂದ. ಕೆಂಪುಕಲ್ಲಿನ ದಪ್ಪ ಗೋಡೆ, ಸೆಗಣಿ ಸಾರಿಸಿದ ನೆಲ, ಮೇಲೆ ಅಟ್ಟ, ಅದರ ಮೇಲೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಶನಿನವರು ಹಂಚಿನ ಕಾರ್ಖಾನೆ ತೆರೆಯುವ ಮೊದಲು ಮುಳಿಹುಲ್ಲೋ ಮಡಲೋ. ಹಂಚಿನ ಸಂದುಗಳಲ್ಲಿ ಬಿಸಿಗಾಳಿ ಮೇಲೆ ಹೋಗುತ್ತದೆ. ಅಟ್ಟ ಹಗಲಿನ ಕಾವನ್ನು ತಾನು ಹೊತ್ತು ಕೆಳಗೆ ಬಿಡುವುದಿಲ್ಲ. ತಾರಸಿಯ ಕಾಂಕ್ರೀಟು ಹಗಲಿಡೀ ಬಿಸಿಲು ಕುಡಿದು ರಾತ್ರಿ ಮಲಗಿದವರ ಮೇಲೆ ಅದನ್ನು ಇಳಿಸುತ್ತದೆ. 2024ರ ಬೇಸಗೆಯಲ್ಲಿ ಕೇರಳದ ಒಂದು ದಿನದ ವಿದ್ಯುತ್ ಬಳಕೆ 11 ಕೋಟಿ ಯೂನಿಟ್ ದಾಟಿದಾಗ, ಒತ್ತಡ ತುದಿಗೇರುತ್ತಿದ್ದದ್ದು ನಡುಹಗಲಿನಲ್ಲಲ್ಲ, ರಾತ್ರಿಯಲ್ಲಿ. ಜನ ಸೂರ್ಯನೊಡನೆ ಅಲ್ಲ, ತಮ್ಮ ಮಾಡಿನೊಡನೆ ಹೋರಾಡುತ್ತಿದ್ದರು. ಅಲ್ಲಲ್ಲಿ ಟ್ರಾನ್ಸ್‌ಫಾರ್ಮರುಗಳು ಸೋತು ಕರೆಂಟು ಹೋದಾಗ ಎ.ಸಿ. ಇಲ್ಲದವರ ಮನೆಯ ಫ್ಯಾನು ಕೂಡ ನಿಂತಿತು.

ಹಾಗೆಂದು ಹಳೆಯ ಮನೆಯನ್ನು ಹಾಡಿ ಹೊಗಳುವವರ ಸಾಲಿಗೆ ನಾನು ಸೇರಲಾರೆ. ಈಚೆಗೆ ಅದೂ ಒಂದು ಫ್ಯಾಷನ್ನಾಗಿದೆ. ಪ್ರತಿ ಮಳೆಗಾಲಕ್ಕೆ ಮೊದಲು ಮಾಡು ಹತ್ತಿ ಒಡೆದ ಹಂಚು ಬದಲಿಸಬೇಕು, ಮಂಗಗಳ ಕಾಟ, ಪಕ್ಕಾಸಿಗೆ ಗೆದ್ದಲು, ಸೋರುವ ಜಾಗಕ್ಕೆಲ್ಲ ಪಾತ್ರೆ. ಅದಕ್ಕಿಂತ ಹೆಚ್ಚಾಗಿ, ಆ ಮನೆಯ ತಂಪು ಎಲ್ಲರಿಗೂ ಸಮನಾಗಿ ಸಿಗುತ್ತಿತ್ತೇ? ಜಗಲಿಯ ಗಾಳಿ ಗಂಡಸರಿಗೆ. ದೊಡ್ಡಮ್ಮ ಮದುವೆಯಾಗಿ ಬಂದಂದಿನಿಂದ ಬೆಳಗ್ಗೆ ಐದಕ್ಕೆ ಎದ್ದು ಕಟ್ಟಿಗೆ ಒಲೆಯ ಮುಂದೆ ಕುಳಿತವರು. ಹೊಗೆಗಿಂಡಿಯೊಂದೇ ಇದ್ದ ಆ ಅಡುಗೆಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಹತ್ತು ಹದಿನೈದು ಮಂದಿಗೆ ಅಡುಗೆ ಆಗುತ್ತಿತ್ತು. ದೊಡ್ಡಪ್ಪನ ಬೀಸಣಿಗೆಯ ಮಾತಾಡಿದ ದೊಡ್ಡಮ್ಮ ತನ್ನ ಒಲೆಯ ಮಾತನ್ನು ಆಡಲಿಲ್ಲ. ನಾನೇ ಕೇಳಿದೆ. “ಅದೆಲ್ಲ ಈಗ ಯಾಕೆ?” ಎಂದರು. ಆಮೇಲೆ ಎ.ಸಿ. ಬೇಡವೆಂದು ಅವರು ಮತ್ತೆ ಹೇಳಲಿಲ್ಲ.

ತಂಪನ್ನು ಯಾರೂ ಸೃಷ್ಟಿಸುವುದಿಲ್ಲ ಎಂಬುದನ್ನು ಮರೆತೇ ನಾವು ಇದರ ನೀತಿ ಅನೀತಿಗಳನ್ನು ಚರ್ಚಿಸುತ್ತೇವೆ. ಯಂತ್ರ ಮಾಡುವುದು ಕಾವಿನ ಸಾಗಾಟ ಮಾತ್ರ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಇದನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದ ಕಾಗದಕ್ಕಾಗಿ. ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. (ಆಷಾಢದಲ್ಲಿ ನಮ್ಮ ಊರಿನಲ್ಲಿ ಪುಸ್ತಕ ಅಚ್ಚು ಹಾಕಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಒಂದು ಟನ್ನಿನ ಯಂತ್ರ ಕೋಣೆಯಿಂದ ಮೂರೂವರೆ ಪಾಲು ಕಾವು ತೆಗೆದರೆ, ತಾನು ತಿಂದ ಕರೆಂಟಿನ ಸುಮಾರು ಒಂದು ಪಾಲನ್ನೂ ಸೇರಿಸಿ ನಾಲ್ಕೂವರೆ ಪಾಲನ್ನು ಹೊರಗೆ ಕಾರುತ್ತದೆ. ಹೊರಗೆ ಎಂದರೆ ಎಲ್ಲಿಗೆ? ಆಕಾಶಕ್ಕೆ ಎಂದು ನಾವು ತಿಳಿಯುತ್ತೇವೆ. ಮೊದಲು ಅದು ತಲುಪುವುದು ಪಕ್ಕದ ಮನೆಯ ಕಿಟಕಿಗೆ. ಆಮೇಲೆ ಕಲ್ಲಿದ್ದಲು ಉರಿಯುವ ಊರಿಗೆ, ಸೋರಿದ ಅನಿಲದ ಮೂಲಕ ಇನ್ನೂ ಹುಟ್ಟದವರ ಬೇಸಗೆಗೆ. ಆ ಅನಿಲಗಳನ್ನು ಕ್ರಮೇಣ ಇಳಿಸಲು 2016ರಲ್ಲಿ ಕಿಗಾಲಿಯಲ್ಲಿ ದೇಶಗಳು ಒಪ್ಪಿದವು. ಹೊಸ ಯಂತ್ರಗಳನ್ನು ಅಂಗಡಿಗೆ ಬರುವಾಗಲೇ 24 ಡಿಗ್ರಿಗೆ ಇಟ್ಟಿರಬೇಕೆಂದು ನಮ್ಮ ಸರಕಾರ 2020ರಿಂದ ವಿಧಿಸಿತು. ಒಳ್ಳೆಯದೇ. ಪಕ್ಕದ ಕಿಟಕಿಯ ಬಗ್ಗೆ ಮಾತ್ರ ಯಾವ ಒಪ್ಪಂದವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಆದುದರಿಂದ ಸಹಿಸುವವನು ಸಜ್ಜನ, ತಂಪು ಬಯಸಿದವನು ಭೋಗಿ ಎಂಬ ವಿಂಗಡಣೆಯೇ ನನಗೆ ಒಪ್ಪಿಗೆಯಾಗುವುದಿಲ್ಲ. ಎಂಬತ್ತನಾಲ್ಕರ ಹೃದಯಕ್ಕೆ 26 ಡಿಗ್ರಿ ಬೇಕು ಎಂದಾದರೆ ಬೇಕು, ಅದಕ್ಕೆ ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. 18ಕ್ಕೆ ಇಳಿಸಿ ಕಂಬಳಿ ಹೊದೆಯುವ ಯುವಕರನ್ನೂ ನಾನು ಕಂಡಿದ್ದೇನೆ. ಅವರ ಬಗ್ಗೆ ನನಗೆ ಅಷ್ಟು ಉದಾರತೆ ಇಲ್ಲ. ಇಬ್ಬರಿಗೂ ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ: ನಿಮ್ಮ ಕೋಣೆಯಿಂದ ಹೊರಟ ಸೆಕೆ ಯಾರ ಪಾಲಿಗೆ ಹೋಯಿತು?

ದೊಡ್ಡಮ್ಮನ ಕೋಣೆಗೆ ಯಂತ್ರ ಕೂರಿಸಲು ಬಂದ ಹುಡುಗ ಹೊರಗಿನ ಪೆಟ್ಟಿಗೆಯನ್ನು ಹಿಂದಿನ ಗೋಡೆಗೆ ಬಿಗಿಯಲು ಗುರುತು ಹಾಕಿದ. ಜತೆಗೆ ಬರುವ ಮೂರು ಮೀಟರು ತಾಮ್ರದ ಪೈಪು ಅಲ್ಲಿಗೆ ಸರಿಯಾಗಿ ಸಾಲುತ್ತದೆ. ಆ ಗೋಡೆಯಿಂದ ನಾಲ್ಕು ಅಡಿ ಆಚೆಗೆ ತಗಡು ಮಾಡಿನ ಕ್ವಾರ್ಟರ್ಸ್. ಒಂದೊಂದು ಕೋಣೆಯಲ್ಲಿ ಐದಾರು ಕೂಲಿಯಾಳುಗಳು. ಈ ಕಡೆಗೊಂದು ಕಿಟಕಿ. ಅಲ್ಲಿ ಜನ ಇದ್ದಾರಲ್ಲ ಎಂದು ನಾನು ಕೇಳಿದೆ.

“ಅವಿಡೆ ಬಂಗಾಳಿಗಳಲ್ಲೇ ಮಾಷೇ, ಸಾರಮಿಲ್ಲ,” ಎಂದ ಹುಡುಗ. ಒಡಿಶಾದವನಾಗಲಿ ಅಸ್ಸಾಮಿನವನಾಗಲಿ, ನಮ್ಮಲ್ಲಿ ಎಲ್ಲರೂ ‘ಬಂಗಾಳಿ’. ಕೆಟ್ಟ ಹುಡುಗನಲ್ಲ, ಕೆಲಸ ಅಚ್ಚುಕಟ್ಟು. ತಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಶಾರ್ಜಾದ ಕ್ಯಾಂಪಿನಲ್ಲಿ ಅವನನ್ನೂ ಒಂದು ಹೆಸರಿನಲ್ಲಿ ಒಟ್ಟಾಗಿ ಕರೆದಿರಬೇಕು. ಕೊನೆಗೆ ಪೆಟ್ಟಿಗೆ ತಾರಸಿಗೆ ಹೋಯಿತು. ಹೆಚ್ಚಿನ ಪೈಪಿಗೆ ಮೀಟರಿನ ಲೆಕ್ಕದಲ್ಲಿ ದುಡ್ಡು, ಸ್ಟ್ಯಾಂಡಿಗೆ ಬೇರೆ, ಹತ್ತಿ ಇಳಿಯುವ ಕೂಲಿ ಬೇರೆ. ತಮ್ಮ ಗೊಣಗಿದ, ಆದರೆ ಕೊಟ್ಟ. ದೊಡ್ಡಮ್ಮ ರಾತ್ರಿ ಒಂಬತ್ತರಿಂದ ಹನ್ನೆರಡರ ತನಕ ಅದನ್ನು 27ರಲ್ಲಿ ಇಡುತ್ತಾರೆ, ಆಮೇಲೆ ಫ್ಯಾನು. ಆ ಓಣಿಯ ಮಿಕ್ಕ ಮನೆಗಳ ಪೆಟ್ಟಿಗೆಗಳು ಕ್ವಾರ್ಟರ್ಸಿನ ಕಡೆಗೇ ಮುಖ ಮಾಡಿವೆ. ಏಳು ಇವೆ, ಎಣಿಸಿದ್ದೇನೆ.